ಪಗಡಿ ರೂಮಿನ ಖರ್ಚು ಯಾರ ತಲೆ ಮೇಲೆ? ಮುಂಬೈ ಬಾಡಿಗೆ ಕಾನೂನಿನ ಒಂದು ಪ್ರಕರಣ ಅಧ್ಯಯನ

1940ರ ಸೆಪ್ಟೆಂಬರ್ 1ನೇ ತಾರೀಖು ಮುಂಬೈಲಿ ನಿಮ್ಮ ಖೋಲಿಗೆ, ಅಂದ್ರೆ ರೂಮಿಗೆ, ಏನು ಬಾಡಿಗೆ ಇತ್ತೋ ಅದೇ ಅದರ ಸ್ಟ್ಯಾಂಡರ್ಡ್ ಬಾಡಿಗೆ, ಮಾಲೀಕ ಅದರ ಮೇಲೆ ಕೇಳೋ ಹಾಗಿಲ್ಲ. 1947ರ ಬಾಂಬೆ ಬಾಡಿಗೆ ಕಾಯ್ದೆಯ ತಿರುಳು ಇಷ್ಟೇ. ಮಹಾಯುದ್ಧ ಮುಗಿದು ಹೆಚ್ಚು ದಿನ ಆಗಿರಲಿಲ್ಲ, ದೇಶ ಇಬ್ಭಾಗ ಆಗಿ ನಿರಾಶ್ರಿತರು ಬಂದು ಇಳೀತಿದ್ರು, ಸಿಮೆಂಟು ಕಬ್ಬಿಣಕ್ಕೆ ಬರ, ಹೊಸ ಮನೆ ಏಳ್ತಾ ಇಲ್ಲ, ಅಂಥಾ ಹೊತ್ತಲ್ಲಿ ಬಾಡಿಗೆ ಕೈಮೀರಿ ಹೋಗದ ಹಾಗೆ ತಡೆದಿದ್ದು ಸರಿಯಾದ ಕೆಲಸವೇ, ಇವತ್ತು ಕೂತ್ಕೊಂಡು ಅದನ್ನ ತಪ್ಪು ಅನ್ನೋಕೆ ನಾನು ತಯಾರಿಲ್ಲ. ಕಾಯ್ದೆ ತಾತ್ಕಾಲಿಕ ಅಂತಲೇ ಬಂತು, ಕೊನೆ ತಾರೀಖು ಹಾಕ್ಕೊಂಡೇ ಬಂತು. ಆದ್ರೆ ಆ ತಾರೀಖು ಹತ್ರ ಬಂದಾಗಲೆಲ್ಲ ಇನ್ನೊಂದಿಷ್ಟು ವರ್ಷ ಅಂತ ಮುಂದೂಡ್ತಾ ಮುಂದೂಡ್ತಾ ಅರ್ಧ ಶತಮಾನ ದಾಟಿಸಿದ್ರು. ಕೊನೆಗೆ ಅದರ ಜಾಗಕ್ಕೆ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ 1999 ಬಂದು, 2000ದ ಮಾರ್ಚ್ 31ರಿಂದ ಜಾರಿ ಆಯ್ತು, ಅದರಲ್ಲೂ ಹಳೇ ಬಾಡಿಗೆದಾರರ ಕಥೆ ಅಷ್ಟೇನೂ ಬದಲಾಗಲಿಲ್ಲ.

ಪಾಲಿಸಿ ಅನಾಲಿಸಿಸ್ (ಸರ್ಕಾರದ ನೀತಿಗಳನ್ನ ತೂಗಿ ನೋಡೋ ವಿದ್ಯೆ) ಓದೋ ನಮ್ಮ ಹುಡುಗ್ರು ಹುಡುಗೀರು ಮಾಟುಂಗ, ಡೊಂಬಿವ್ಲಿ, ಮೀರಾ ರೋಡ್ ಕಡೆ ತುಂಬಾ ಜನ ಇದ್ದಾರೆ ಈಗ, ಅವರಿಗೆ ಕೋರ್ಸಲ್ಲಿ ಸಿಗೋ ಉದಾಹರಣೆಗಳೆಲ್ಲ ಅಮೆರಿಕದ್ದು. ಮುಂಬೈಲೇ ಇಷ್ಟು ದೊಡ್ಡ ಪ್ರಕರಣ ಇರುವಾಗ ಅಷ್ಟು ದೂರ ಯಾಕೆ ಹೋಗ್ಬೇಕು? ಇದರ ಎಲ್ಲಾ ಕಡೆಗೂ ನಮ್ಮೋರೇ ಇದ್ದಾರೆ. ಉಡುಪಿ ಕುಂದಾಪುರ ಕಡೆಯಿಂದ ಬಂದು ಪಗಡಿ (ಬಾಡಿಗೆ ಹಕ್ಕು ಬಿಡಿಸ್ಕೊಳ್ಳೋಕೆ ಕೊಡೋ ದೊಡ್ಡ ಮೊತ್ತ) ಮೇಲೆ ಹೋಟೆಲ್ ಹಾಕಿದೋರು, ಚಾಳಿನ (ಸಾಲು ಖೋಲಿಗಳ ಹಳೇ ಕಟ್ಟಡದ) ಖೋಲೀಲಿ ಸಂಸಾರ ಮಾಡಿದೋರು, ಕಟ್ಟಡದ ಮಾಲೀಕರು, ರೂಮೇ ಇಲ್ದೆ ಬೇರೆಯವರ ರೂಮಲ್ಲಿ ಮಲಗಿ ರಾತ್ರಿ ಶಾಲೇಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ಕ್ಲಾಸು ಪಾಸು ಮಾಡಿದ ಹೋಟೆಲ್ ಹುಡುಗ್ರು. ಅದಕ್ಕೇ ಇದು ಕಷ್ಟದ ಪ್ರಕರಣ, ಒಬ್ಬರ ಪರ ನಿಂತ್ರೆ ಇನ್ನೊಬ್ಬ ನಮ್ಮೋನಿಗೇ ಪೆಟ್ಟು.

ಒಂದು ರೂಮು

ಮೊದಲು ಒಂದು ರೂಮು ಕಣ್ಮುಂದೆ ಇಟ್ಕೊಳ್ಳೋಣ, ಯಾವುದೋ ಒಂದು ನಿರ್ದಿಷ್ಟ ವಿಳಾಸ ಬೇಡ, ಗಿರ್ಗಾಂವ್, ಫೋರ್ಟ್, ದಾದರ್ ಕಡೆ ಓಡಾಡಿದೋರಿಗೆ ಎಲ್ಲಾರಿಗೂ ಪರಿಚಯ ಇರೋ ಥರದ್ದು. ಹತ್ತಡಿ ಹನ್ನೆರಡಡಿ, ಮೇಲೆ ಮರದ ಅಟ್ಟ, ಅಟ್ಟದ ತುಂಬಾ ಟ್ರಂಕು ಸೂಟ್‌ಕೇಸು, ಗೋಡೆ ಉದ್ದಕ್ಕೂ ಹಗ್ಗ ಕಟ್ಟಿ ಅದರ ಮೇಲೆ ಬಟ್ಟೆ, ಮೂಲೇಲಿ ಮೋರಿ, ಪಾಯಿಖಾನೆ ಮಾತ್ರ ಓಣಿ ಕೊನೇಲಿ ಎಲ್ಲಾ ಖೋಲಿಗೂ ಸೇರಿ. ಹೊರಗಡೆ ಪ್ಯಾಸೇಜಲ್ಲಿ ಮರದ ತೊಲೆಗೆ ಕೆಳಗಿಂದ ಟೇಕು ಕೊಟ್ಟಿದ್ದಾರೆ, ದಪ್ಪ ಕಂಬಗಳು, ತಾತ್ಕಾಲಿಕ ಆಸರೆ ಅಂತ ನಿಲ್ಲಿಸಿದ್ದು ವರ್ಷಗಟ್ಟಲೆ ಅಲ್ಲೇ ನಿಂತು ಈಗ ಅದಕ್ಕೆ ಮೊಳೆ ಹೊಡೆದು ಕ್ಯಾಲೆಂಡರ್ ತೂಗು ಹಾಕಿದ್ದಾರೆ. ತಿಂಗಳಿಗೊಂದು ಬಾಡಿಗೆ ರಸೀದಿ ಬರುತ್ತೆ, ನೂರೈವತ್ತು ರೂಪಾಯಿ ಅಂತ ಇಟ್ಕೊಳ್ಳಿ, ರಸೀದಿ ಮೇಲೆ ತೀರಿಹೋದ ಅಜ್ಜನ ಹೆಸರು. ಹೆಸರು ಬದಲಾಯಿಸಬೇಕು ಅಂದ್ರೆ ಮಾಲೀಕನಿಗೆ ದುಡ್ಡು ಕೊಡ್ಬೇಕು, ಹಾಗಾಗಿ ಅಜ್ಜನೇ ಇವತ್ತಿಗೂ ಬಾಡಿಗೆದಾರ.

ಅಜ್ಜನ ಮನೆಯವರು ಅಲ್ಲಿ ಇಲ್ಲ. ಅವರು ಥಾಣೆ ಕಡೆ ಫ್ಲಾಟ್ ತಗೊಂಡು ಹೋಗಿ ಬಹಳ ಕಾಲ ಆಯ್ತು. ರೂಮಲ್ಲಿ ಇರೋದು ಊರ ಕಡೆಯ ಎಂಟು ಹುಡುಗ್ರು, ಕೆಲವರು ಬೆಳಗ್ಗಿನ ಪಾಳಿ ಕೆಲವರು ರಾತ್ರಿ ಪಾಳಿ, ಒಬ್ಬ ಎದ್ದ ಚಾಪೆ ಮೇಲೆ ಇನ್ನೊಬ್ಬ ಮಲಗ್ತಾನೆ. ತಲೆಗೆ ಎರಡೂವರೆ ಸಾವಿರ ಅಂದ್ರೂ ಅಜ್ಜನ ಕುಟುಂಬಕ್ಕೆ ತಿಂಗಳಿಗೆ 20,000 ಹೋಗುತ್ತೆ, ಅದರಲ್ಲಿ ಮಾಲೀಕನಿಗೆ ತಲುಪೋದು 150. ಈ ಅಂಕಿ ನಾನು ಲೆಕ್ಕಕ್ಕೆ ಅಂತ ಹಾಕಿದ್ದು, ರೂಮಿಂದ ರೂಮಿಗೆ ಬೇರೆ ಇರುತ್ತೆ, ಆದ್ರೆ ಪದ್ಧತಿ ಇದೇ, ಮುಂಬೈ ಕನ್ನಡಿಗರಿಗೆ ಹೊಸದಾಗಿ ಹೇಳ್ಕೊಡಬೇಕಾಗಿಲ್ಲ.

ಸಮಸ್ಯೆ ಏನು ಅಂತ ಮೊದಲು ಹೇಳಿ

ಪಾಲಿಸಿ ಅನಾಲಿಸಿಸ್‌ನ ಎಲ್ಲಾ ಕೌಶಲಗಳಲ್ಲೂ ನನ್ನ ಪ್ರಕಾರ ಅತಿ ಕಷ್ಟದ್ದು ಇದು, ಸಮಸ್ಯೆನ ಎರಡು ವಾಕ್ಯದಲ್ಲಿ ಹೇಳೋದು, ಅದೂ ಒಳಗೆ ಪರಿಹಾರ ಅಡಗಿಸಿಡದೆ. ಬಾಡಿಗೆದಾರರನ್ನ ಕೇಳಿ, "ಮಾಲೀಕ ರಿಪೇರಿ ಮಾಡಲ್ಲ" ಅಂತಾರೆ. ಮಾಲೀಕನ್ನ ಕೇಳಿ, "ಬಾಡಿಗೆ ಪುಡಿಗಾಸು" ಅಂತಾನೆ. ಬಿಲ್ಡರ್ ಕೇಳಿದ್ರೆ "ಎಫ್‌ಎಸ್‌ಐ (ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನೋ ಮಿತಿ) ಸಾಲಲ್ಲ", ಹಳೇ ಕಟ್ಟಡ ನೋಡ್ಕೊಳ್ಳೋ ಸರ್ಕಾರಿ ರಿಪೇರಿ ಮಂಡಳಿಯವರು "ಫಂಡ್ ಇಲ್ಲ". ಒಬ್ಬೊಬ್ಬರ ಮಾತಲ್ಲೂ ಅವರಿಗೆ ಬೇಕಾದ ಉತ್ತರ ಆಗಲೇ ಸೇರ್ಕೊಂಡಿದೆ ನೋಡಿ, ರಿಪೇರಿ ಮಾಡಿಸಿ, ಬಾಡಿಗೆ ಏರಿಸಿ, ಎಫ್‌ಎಸ್‌ಐ ಕೊಡಿ, ಫಂಡ್ ಕೊಡಿ. ಅನಾಲಿಸ್ಟ್ ಆದೋರು ಇದರಲ್ಲಿ ಯಾವುದೋ ಒಂದನ್ನ ಎತ್ಕೊಂಡು ವರದಿ ಬರೆದ್ರೆ ಅದು ಆ ಗುಂಪಿನ ಅರ್ಜಿ ಆಗುತ್ತೆ ಅಷ್ಟೇ.

ನಾನು ಹೇಳೋದಾದ್ರೆ ಹೀಗೆ ಹೇಳ್ತೀನಿ: ದಕ್ಷಿಣ ಮುಂಬೈಯ ಸಾವಿರಾರು ಹಳೇ ಕಟ್ಟಡಗಳಲ್ಲಿ ವಾಸ ಮಾಡೋಕೆ ಆಗೋ ವೆಚ್ಚಕ್ಕೂ ಆ ಕಟ್ಟಡಕ್ಕೆ ವಾಪಸ್ ಬರೋ ದುಡ್ಡಿಗೂ ಸಂಬಂಧ ತಪ್ಪಿಹೋಗಿದೆ, ಹಾಗಾಗಿ ಜೀವಕ್ಕೆ ಅಪಾಯ ಇದೆ, ಜೊತೆಗೆ ಊರಿಂದ ಹೊಸದಾಗಿ ಬರೋರಿಗೆ ಬಾಡಿಗೆ ಮನೆ ಅನ್ನೋದೇ ಕಾನೂನಿನ ಒಳಗೆ ಸಿಗ್ತಾ ಇಲ್ಲ. ಇದರಲ್ಲಿ ಯಾರನ್ನೂ ಬೈದಿಲ್ಲ, ಯಾವ ಪರಿಹಾರನೂ ಹೇಳಿಲ್ಲ. ಇಲ್ಲಿಂದ ಹೊರಟ್ರೆ ಮುಂದಿನ ಪ್ರಶ್ನೆ ತಾನಾಗೇ ಬರುತ್ತೆ: ಬಾಡಿಗೆ ತಡೆಹಿಡಿದಾಗ ಆ ಉಳಿತಾಯ ಎಲ್ಲಿಗೆ ಹೋಯ್ತು?

ದುಡ್ಡು ಹೋದ ದಾರಿ

ಬಾಡಿಗೆ ಕಡಿಮೆ ಮಾಡಿದ ಮಾತ್ರಕ್ಕೆ ಮುಂಬೈ ಮಧ್ಯಭಾಗದ ಒಂದು ಖೋಲಿಯ ಬೆಲೆ ಕಡಿಮೆ ಆಗಲ್ಲ. ರಸೀದಿ ಮೇಲಿನ ಬಾಡಿಗೆಗೂ ನಿಜವಾದ ಬೆಲೆಗೂ ಇರೋ ಅಂತರ ಯಾರದೋ ಕೈ ಸೇರ್ಲೇಬೇಕು, ಅದು ಪಗಡಿ ಆಗಿ ಬಂತು. ಹೊಸಬನಿಗೆ ರೂಮು ಬೇಕು ಅಂದ್ರೆ ಹಳೇ ಬಾಡಿಗೆದಾರನಿಗೆ ದೊಡ್ಡ ಮೊತ್ತ ಕೊಟ್ಟು ಬಿಡಿಸ್ಕೋಬೇಕು, ಅದರಲ್ಲಿ ಒಂದು ಪಾಲು, ಸಾಮಾನ್ಯವಾಗಿ ಮೂರನೇ ಒಂದು ಭಾಗದ ಆಸುಪಾಸು, ರಸೀದಿ ಹೆಸರು ಬದಲಾಯಿಸಿದ್ದಕ್ಕೆ ಮಾಲೀಕನಿಗೆ. 1947ರ ಕಾಯ್ದೆ ಪ್ರಕಾರ ಹೀಗೆ ದುಡ್ಡು ತಗೊಳ್ಳೋದು ಅಪರಾಧ, ಆದ್ರೂ ಇಡೀ ಊರೇ ಅದನ್ನ ನಡೆಸ್ತು, ಬಹುಪಾಲು ಕಪ್ಪು ಹಣದಲ್ಲೇ ನಡೀತು. 1999ರ ಕಾಯ್ದೆಯ 56ನೇ ಸೆಕ್ಷನ್ ಅದನ್ನ ಕಾನೂನುಬದ್ಧ ಮಾಡ್ತು, ಬಾಡಿಗೆದಾರ ತನ್ನ ಹಕ್ಕು ಬಿಟ್ಕೊಡೋಕೆ ದುಡ್ಡು ತಗೋಬಹುದು, ಮಾಲೀಕ ಒಪ್ಪಿಗೆ ಕೊಡೋಕೆ ದುಡ್ಡು ತಗೋಬಹುದು.

ಪಗಡಿ ಬಂದ ಮೇಲೆ ಕಾಯ್ದೆಯ ನ್ಯಾಯದ ಲೆಕ್ಕವೇ ಬದಲಾಗಿ ಹೋಯ್ತು, ಇದನ್ನ ಸ್ವಲ್ಪ ನಿಧಾನವಾಗಿ ನೋಡ್ಬೇಕು. 1948ರಲ್ಲಿ ಒಳಗಿದ್ದ ಮೊದಲನೇ ಬಾಡಿಗೆದಾರನಿಗೆ ಕಾಯ್ದೆಯಿಂದ ನಿಜವಾದ ಲಾಭ ಆಯ್ತು. ಅವನಿಂದ ಪೂರ್ತಿ ಬೆಲೆ ಕೊಟ್ಟು ಪಗಡಿ ತಗೊಂಡ ಎರಡನೇಯವನಿಗೆ ಲಾಭ ಏನೂ ಇಲ್ಲ, ಅವನು ಮುಂದಿನ ವರ್ಷಗಳ ಕಡಿಮೆ ಬಾಡಿಗೆನ ಒಟ್ಟಿಗೇ ಮುಂಗಡ ದುಡ್ಡು ಕೊಟ್ಟು ಖರೀದಿ ಮಾಡಿದಾನೆ. ನಮ್ಮ ಎಷ್ಟೋ ಹೋಟೆಲಿನೋರು ಊರಿನ ಜಮೀನು ಮಾರಿ, ಹೆಂಡತಿ ಒಡವೆ ಅಡ ಇಟ್ಟು ಪಗಡಿ ಕಟ್ಟಿದ್ದು ಹೀಗೇ. ಈಗ ನೀವು ಹೋಗಿ "ನಿಮಗೆ ಇಷ್ಟು ವರ್ಷ ಪುಕ್ಕಟೆ ಸಿಕ್ತು, ಇನ್ನು ಮಾರ್ಕೆಟ್ ಬಾಡಿಗೆ ಕೊಡಿ" ಅಂದ್ರೆ ಅವನಿಗೆ ಅದು ದರೋಡೆ ಅನ್ಸುತ್ತೆ, ಅನ್ಸೋದು ಸರಿನೂ ಹೌದು. ಲಾಭ ತಗೊಂಡೋನು ಆಗಲೇ ಊರಿಗೆ ಹೋಗಿ ಮನೆ ಕಟ್ಟಿಸಿ ಕಾಲವಾಗಿ ಹೋಗಿದಾನೆ, ಕಾಯ್ದೆ ತೆಗೆದ್ರೆ ನಷ್ಟ ಮಾತ್ರ ಈಗ ಒಳಗಿರೋನಿಗೆ. ತಾತ್ಕಾಲಿಕ ಅಂತ ಕೊಟ್ಟ ರಿಯಾಯಿತಿ ಒಂದು ಸಲ ಕ್ರಯವಿಕ್ರಯದ ವಸ್ತು ಆಗ್ಬಿಟ್ರೆ ಅದನ್ನ ವಾಪಸ್ ತಗೊಳ್ಳೋದು ಅಷ್ಟು ಕಷ್ಟ ಯಾಕೆ ಅನ್ನೋದಕ್ಕೆ ನಂಗೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಗೊತ್ತಿಲ್ಲ.

ಇನ್ನೊಂದು ಕಡೆ ನೋಡಿ. ನೀತಿ ಬದಲಾದ್ರೆ ಜನರ ನಡವಳಿಕೆನೂ ಬದಲಾಗುತ್ತೆ, ಅದನ್ನ ಮುಂಚೆನೇ ಊಹಿಸೋದು ಅನಾಲಿಸ್ಟ್ ಕೆಲಸ. 1973ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಆ ವರ್ಷ ಫೆಬ್ರವರಿ 1ರಂದು ಲೀವ್ ಅಂಡ್ ಲೈಸೆನ್ಸ್ (ಬಾಡಿಗೆದಾರನ ಹಕ್ಕು ಕೊಡದೆ, ಇರೋಕೆ ಅನುಮತಿ ಮಾತ್ರ ಕೊಡೋ ಒಪ್ಪಂದ) ಮೇಲೆ ಒಳಗಿದ್ದೋರಿಗೂ ಬಾಡಿಗೆದಾರರ ರಕ್ಷಣೆ ಕೊಟ್ರು. ಒಳಗಿದ್ದೋರಿಗೆ ಒಳ್ಳೇದೇ ಆಯ್ತು. ಆದ್ರೆ ಖಾಲಿ ಮನೆ ಇದ್ದ ಪ್ರತಿಯೊಬ್ಬನೂ ಅವತ್ತು ಕಲಿತ ಪಾಠ ಏನು? ಯಾರನ್ನೂ ಒಳಗೆ ಬಿಟ್ಕೋಬೇಡ, ಬಿಟ್ಕೊಂಡ್ರೂ ಹನ್ನೊಂದು ತಿಂಗಳಿಗಿಂತ ಜಾಸ್ತಿ ಇಟ್ಕೋಬೇಡ. 1999ರ ಕಾಯ್ದೆ ಲೈಸೆನ್ಸ್ ಮೇಲೆ ಇರೋರನ್ನ ಅವಧಿ ಮುಗಿದ ಮೇಲೆ ಬೇಗ ಬಿಡಿಸೋ ದಾರಿ ಕೊಟ್ರೂ ಆ ಭಯ ಮನೆ ಮಾಲೀಕರ ಬಾಯಲ್ಲಿ ಇವತ್ತಿಗೂ ಇದೆ. 2011ರ ಜನಗಣತಿ ಹೊತ್ತಿಗೆ ಮುಂಬೈಲಿ ಸುಮಾರು 4.8 ಲಕ್ಷ ಮನೆ ಖಾಲಿ ಬಿದ್ದಿದ್ವು, ಅದೇ ಗಣತಿಯಲ್ಲಿ ಊರಿನ ಶೇಕಡ 40ಕ್ಕಿಂತ ಹೆಚ್ಚು ಜನ ಸ್ಲಮ್ಮಲ್ಲಿ. ಈ ಎರಡು ಅಂಕಿಗೂ ಬಾಡಿಗೆ ಕಾಯ್ದೆ ಒಂದೇ ಕಾರಣ ಅನ್ನೋದು ತಪ್ಪಾಗುತ್ತೆ, ಜಾಗದ ಬೆಲೆ, ಹೂಡಿಕೆಗೆ ಅಂತ ಫ್ಲಾಟ್ ಕೊಳ್ಳೋದು, ಎಫ್‌ಎಸ್‌ಐ ನಿಯಮ ಎಲ್ಲಾ ಸೇರಿವೆ, ಆದ್ರೆ ಕಾಯ್ದೆಯ ಪಾಲು ಅದರಲ್ಲಿ ಇದೆ.

ಮಹಾನಗರಪಾಲಿಕೆಗೂ ಏಟು ಬಿತ್ತು, ಇದು ಬಹಳ ಜನ ಗಮನಿಸದೇ ಇರೋ ಎಳೆ. ಆಸ್ತಿ ತೆರಿಗೆನ ಕಟ್ಟಡಕ್ಕೆ ಬರಬಹುದಾದ ಬಾಡಿಗೆ ಮೇಲೆ ಲೆಕ್ಕ ಹಾಕ್ತಿದ್ರು, ಬಾಡಿಗೆನೇ 1940ರಲ್ಲಿ ನಿಂತಿದ್ರೆ ತೆರಿಗೆ ಎಲ್ಲಿಂದ ಬೆಳೀಬೇಕು? ಬಂಡವಾಳ ಮೌಲ್ಯದ ಪದ್ಧತಿಗೆ ಮುಂಬೈ ಬದಲಾಗಿದ್ದು 2010ರಲ್ಲಿ. ಅಲ್ಲಿ ತನಕ ಹಳೇ ಕಟ್ಟಡಗಳ ಪಾಲಿನ ತೆರಿಗೆ ಹೊರೆ ಉಳಿದೋರ ಮೇಲೆ ಬಿತ್ತು.

ಟೇಕು ಹಚ್ಚಿದ ಕಾನೂನು

1960ರ ದಶಕದಲ್ಲಿ ಕಟ್ಟಡಗಳು ಕುಸಿಯೋಕೆ ಶುರು ಆದ್ವು. ಬಾಡಿಗೆ ಮೇಲಿನ ಕಟ್ಟು ಸಡಿಲಿಸೋ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ಸರ್ಕಾರ 1969ರಲ್ಲಿ ಇನ್ನೊಂದು ಕಾಯ್ದೆ ತಂದು ಹಳೇ ಕಟ್ಟಡಗಳ ಮೇಲೆ ಸೆಸ್ (ವಿಶೇಷ ತೆರಿಗೆ) ಹಾಕಿ ಆ ದುಡ್ಡಲ್ಲಿ ರಿಪೇರಿ ಮಾಡೋಕೆ ಮಂಡಳಿ ಮಾಡ್ತು, ಆಮೇಲೆ ಅದು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾ ಒಳಗೆ ಸೇರ್ತು. ಆರಂಭದಲ್ಲಿ ಸೆಸ್ ಕಟ್ಟಡಗಳು 19,642, ಅದರಲ್ಲಿ 16,502 ಕಟ್ಟಡ 1940ರ ಸೆಪ್ಟೆಂಬರ್‌ಗಿಂತ ಮುಂಚಿನವು. ಸಮಸ್ಯೆನ "ರಿಪೇರಿಗೆ ಫಂಡ್ ಇಲ್ಲ" ಅಂತ ಬರ್ಕೊಂಡಿದ್ದಕ್ಕೆ ಫಂಡ್ ಹುಡುಕಿದ್ರು, ಕಟ್ಟಡಕ್ಕೆ ದುಡ್ಡು ಯಾಕೆ ವಾಪಸ್ ಬರ್ತಿಲ್ಲ ಅನ್ನೋದು ಹಾಗೇ ಉಳೀತು. ರಿಪೇರಿ ಸರ್ಕಾರದ್ದು ಅಂತ ಆದ ಮೇಲೆ ಮಾಲೀಕನಿಗೆ ಇದ್ದ ಅಲ್ಪಸ್ವಲ್ಪ ಕಾಳಜಿಯೂ ಹೋಯ್ತು. 2017ರ ಆಗಸ್ಟ್ 31ಕ್ಕೆ ಭೇಂಡಿ ಬಜಾರ್‌ನ ಹುಸೈನಿವಾಲಾ ಕಟ್ಟಡ ಬೆಳಗ್ಗೆ ಕುಸಿದು 33 ಜನ ಸತ್ರು. ಪ್ರತಿ ಮಳೆಗಾಲಕ್ಕೆ ಮುಂಚೆ ಅತಿ ಅಪಾಯಕಾರಿ ಕಟ್ಟಡಗಳ ಪಟ್ಟಿ ಬರುತ್ತೆ, ನೋಟಿಸ್ ಅಂಟಿಸ್ತಾರೆ, ಜನ ಬಿಡಲ್ಲ, ಯಾಕಂದ್ರೆ ಬಿಟ್ಟು ಟ್ರಾನ್ಸಿಟ್ ಕ್ಯಾಂಪಿಗೆ (ಸರ್ಕಾರ ಕೊಡೋ ತಾತ್ಕಾಲಿಕ ಮನೆಗಳಿಗೆ) ಹೋದೋರು ದಶಕಗಟ್ಟಲೆ ಅಲ್ಲೇ ಕೊಳೆತಿದ್ದನ್ನ ಅವರು ನೋಡಿದಾರೆ. ಅವರನ್ನ ಹಠಮಾರಿಗಳು ಅಂತ ಬರೆಯೋ ವರದಿ ಓದಿದಾಗ ನಂಗೆ ಸಂಕಟ ಆಗುತ್ತೆ. ಅವರ ಕಣ್ಣಿಗೆ ಕಾಣೋ ಎರಡು ದಾರೀಲಿ ಕಡಿಮೆ ನಷ್ಟದ್ದನ್ನ ಅವರು ಹಿಡಿದಿದಾರೆ.

1997ರ ತೀರ್ಪು, 4% ಲೆಕ್ಕ

ಮಲ್ಪೆ ವಿಶ್ವನಾಥ್ ಆಚಾರ್ಯ ವರ್ಸಸ್ ಮಹಾರಾಷ್ಟ್ರ ಸರ್ಕಾರ, 1997ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪು, ಪ್ರಕರಣದ ಹೆಸರಲ್ಲೇ ನಮ್ಮ ಕರಾವಳಿ ಇದೆ. ಒಂದು ಕಾಲಕ್ಕೆ ಸರಿ ಇದ್ದ ಕಾನೂನು ಕಾಲ ಕಳೆದ ಹಾಗೆ ಅನ್ಯಾಯದ್ದು ಆಗಬಹುದು, 1940ರ ಬಾಡಿಗೆಯನ್ನ ಹಾಗೇ ಕಟ್ಟಿಹಾಕೋದು ಇನ್ನು ಸಮಂಜಸ ಅಲ್ಲ ಅಂತ ಕೋರ್ಟ್ ಹೇಳ್ತು. ಹಾಗಂತ ಕಾಯ್ದೆಯನ್ನ ರದ್ದು ಮಾಡಲಿಲ್ಲ, 1998ರ ಮಾರ್ಚ್ 31ಕ್ಕೆ ಅವಧಿ ಮುಗಿಯೋದಿದೆ, ಹೊಸದು ಮಾಡೋವಾಗ ನೋಡ್ಕೊಳ್ಳಿ ಅಂತ ಶಾಸಕಾಂಗಕ್ಕೆ ಬಿಡ್ತು.

ಹೊಸ ಕಾಯ್ದೆ ಏನು ಮಾಡ್ತು? ಬ್ಯಾಂಕು, ಸಾರ್ವಜನಿಕ ಉದ್ದಿಮೆ, ವಿದೇಶಿ ರಾಯಭಾರ ಕಚೇರಿ, 1 ಕೋಟಿ ಅಥವಾ ಅದಕ್ಕಿಂತ ಜಾಸ್ತಿ ಪಾವತಿಯಾದ ಷೇರು ಬಂಡವಾಳ ಇರೋ ಕಂಪನಿ, ಇವರನ್ನ ರಕ್ಷಣೆಯಿಂದ ಹೊರಗೆ ಹಾಕ್ತು. ಉಳಿದೋರಿಗೆ ವರ್ಷಕ್ಕೆ 4% ಏರಿಕೆ. ತತ್ವದ ದೃಷ್ಟಿಯಿಂದ ಇದು ಸರಿಯಾದ ಗೆರೆ, ಕೊಡೋ ತಾಕತ್ತು ಇರೋರಿಗೆ ರಿಯಾಯಿತಿ ಬೇಡ. ರಾಜಕೀಯವಾಗಿ ನೋಡಿದ್ರೂ ಸುಲಭದ ಗೆರೆ, ಕಂಪನಿಗೆ ವೋಟಿಲ್ಲ. ಮಾಲೀಕರು ಕೆಲವೇ ಸಾವಿರ, ಬಾಡಿಗೆದಾರರು ಲಕ್ಷಗಟ್ಟಲೆ, ಅವರ ವಾರ್ಡುಗಳು ಒತ್ತೊತ್ತಾಗಿವೆ, ಹಾಗಾಗಿ ಅಲ್ಲಿ ಗೆರೆ ನಿಂತುಹೋಯ್ತು.

ಈಗ 4% ಲೆಕ್ಕ ಮಾಡೋಣ, ಇಂಥ ಸರಳ ಲೆಕ್ಕ ಮಾಡದೇ ವರದಿ ಬರೆಯೋದೇ ನಮ್ಮಲ್ಲಿ ದೊಡ್ಡ ಕಾಯಿಲೆ. 2000ದಲ್ಲಿ 60 ರೂಪಾಯಿ ಇದ್ದ ಬಾಡಿಗೆ ಚಕ್ರಬಡ್ಡಿ ಥರ ಏರಿದ್ರೆ 25 ವರ್ಷಕ್ಕೆ 160 ಆಗುತ್ತೆ. 2009ರಿಂದ 2013ರ ತನಕ ದೇಶದಲ್ಲಿ ಬೆಲೆ ಏರಿಕೆಯೇ ವರ್ಷಕ್ಕೆ 10%ರ ಆಸುಪಾಸು ಇತ್ತು, ಅಂದ್ರೆ ಏರಿದ ಹಾಗೆ ಕಂಡ ಬಾಡಿಗೆ ಆ ವರ್ಷಗಳಲ್ಲಿ ನಿಜಕ್ಕೂ ಇಳೀತು. 40 ಖೋಲಿಯ ಒಂದು ಚಾಳು, ಖೋಲಿಗೆ 150ರ ಹಾಗೆ ತಿಂಗಳಿಗೆ 6,000, ವರ್ಷಕ್ಕೆ 72,000. ಗಟ್ಟಿ ರಿಪೇರಿಗೆ 40 ಲಕ್ಷ ಬೇಕು ಅಂತ ಹಿಡಿದ್ರೆ ಮಾಲೀಕ ಒಂದು ಪೈಸೆನೂ ಮುಟ್ಟದೆ 55 ವರ್ಷದ ಬಾಡಿಗೆ ಸುರೀಬೇಕು. ಇಷ್ಟು ಲೆಕ್ಕ ಗೋಡೆ ಮೇಲೆ ಬರೆದು ಹಾಕಿದ್ರೆ "ಮಾಲೀಕ ಯಾಕೆ ರಿಪೇರಿ ಮಾಡಲ್ಲ" ಅನ್ನೋ ಜಗಳ ಅರ್ಧ ಮುಗೀಬಹುದು.

ದಾರಿಗಳನ್ನ ತೂಗೋದು

ಏನೂ ಮಾಡದೇ ಬಿಡೋದು ಕೂಡ ಒಂದು ದಾರಿನೇ, ಅದನ್ನೂ ಬೇರೆಯವುಗಳ ಜೊತೆ ನಿಲ್ಲಿಸಿ ತೂಗ್ಬೇಕು. ಅದರ ಬೆಲೆ ನಿಧಾನವಾಗಿ ಕಟ್ಟಡ ಕುಸಿಯೋದ್ರಲ್ಲಿ, ಖಾಲಿ ಮನೇಲಿ, ದಹಿಸರ್ ವಿರಾರ್‌ನಿಂದ ಲೋಕಲ್‌ನಲ್ಲಿ ನೇತಾಡ್ಕೊಂಡು ಬರೋರ ಮೈಮೇಲೆ ಕಟ್ಟಲಾಗ್ತಾ ಇದೆ.

ತೂಗೋಕೆ ನಾನು ಇಟ್ಕೊಳ್ಳೋ ಅಳತೆ ನಾಲ್ಕು: ಜೀವ ಉಳಿಯುತ್ತಾ, ಬಡ ಹಳೇ ಬಾಡಿಗೆದಾರ ಬೀದಿಗೆ ಬೀಳದೇ ಇರ್ತಾನಾ, ಹೊಸಬನಿಗೆ ಬಾಗಿಲು ತೆರೆಯುತ್ತಾ, ವಿಧಾನಸಭೆಯಲ್ಲಿ ಪಾಸಾಗುತ್ತಾ. ಮೊದಲನೇದಕ್ಕೆ ರಿಯಾಯಿತಿ ಇಲ್ಲ, ಉಳಿದವುಗಳಲ್ಲಿ ಕೊಡುಕೊಳ್ಳೋದು ಮಾಡಬಹುದು.

ಒಂದೇ ಏಟಿಗೆ ನಿಯಂತ್ರಣ ತೆಗೆದುಬಿಡೋದು ಅರ್ಥಶಾಸ್ತ್ರದ ಪುಸ್ತಕಕ್ಕೆ ಚೆನ್ನಾಗಿದೆ. ಪಿಂಚಣಿ ಮೇಲೆ ಬದುಕೋ ಎಪ್ಪತ್ತೈದರ ಅಜ್ಜಿಗೆ ಗಿರ್ಗಾಂವ್‌ನ ಮಾರ್ಕೆಟ್ ಬಾಡಿಗೆ ಕೊಡೋಕೆ ಆಗಲ್ಲ, ಅವಳು ಎರಡು ತಿಂಗಳಲ್ಲಿ ಹೊರಗೆ. ಪಾಸೂ ಆಗಲ್ಲ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಕೂಡ ಮುಂದೆ ಆಗೋ ಒಪ್ಪಂದಗಳಿಗೆ ಮಾತ್ರ, ಹಳೇ ಪಗಡಿಯನ್ನ ಮುಟ್ಟಲ್ಲ.

ಬಾಡಿಗೆದಾರರಿಗೇ ಕಟ್ಟಡ ಕೊಡಿಸೋ ದಾರಿನೂ ಇತ್ತು. 1986ರಲ್ಲಿ ಮ್ಹಾಡಾ ಕಾಯ್ದೆಗೆ 8-ಎ ಅಧ್ಯಾಯ ಸೇರಿಸಿ, ಶೇಕಡ 70 ಬಾಡಿಗೆದಾರರು ಸೊಸೈಟಿ ಮಾಡ್ಕೊಂಡು ಕೇಳಿದ್ರೆ ತಿಂಗಳ ಬಾಡಿಗೆಯ 100 ಪಟ್ಟು ಕೊಟ್ಟು ಕಟ್ಟಡ ವಶಕ್ಕೆ ತಗೊಳ್ಳಬಹುದು ಅಂದ್ರು. ನಮ್ಮ 40 ಖೋಲಿ ಚಾಳಿಗೆ ಲೆಕ್ಕ ಹಾಕಿ, 6 ಲಕ್ಷಕ್ಕೆ ದಕ್ಷಿಣ ಮುಂಬೈಯ ಒಂದು ಇಡೀ ಕಟ್ಟಡ, ಜಾಗ ಸಮೇತ. ಮಾಲೀಕರು 1992ರಲ್ಲಿ ಸುಪ್ರೀಂ ಕೋರ್ಟ್‌ಗೆ ಹೋದ್ರು, ಪ್ರಶ್ನೆ ದೊಡ್ಡ ಪೀಠ ಇನ್ನೂ ದೊಡ್ಡ ಪೀಠ ಅಂತ ಏರ್ತಾ 9 ನ್ಯಾಯಮೂರ್ತಿಗಳ ಪೀಠ 2024ರ ನವೆಂಬರ್ 5ಕ್ಕೆ, ಎಲ್ಲಾ ಖಾಸಗಿ ಆಸ್ತಿನೂ ಸಮುದಾಯದ ಭೌತಿಕ ಸಂಪನ್ಮೂಲ, ಅಂದ್ರೆ ಸರ್ಕಾರ ಎಲ್ಲಾರ ಹಿತಕ್ಕೆ ಹಂಚಬಹುದಾದ ಆಸ್ತಿ, ಅಂತ ಹೇಳೋಕೆ ಬರಲ್ಲ ಅಂತ ಬಹುಮತದಲ್ಲಿ ತೀರ್ಪು ಕೊಡ್ತು. ಕಾಗದದ ಮೇಲೆ ಚಂದ ಇರೋ ಒಂದು ದಾರಿ ಕೋರ್ಟಲ್ಲಿ ಮೂವತ್ತು ವರ್ಷ ಕಳೆಯುತ್ತೆ ಅಂತಾದ್ರೆ ಅದೂ ಒಂದು ಖರ್ಚೇ, ತಕ್ಕಡೀಲಿ ಹಾಕ್ಬೇಕು.

ನಿಜವಾಗಿ ನಡೀತಾ ಇರೋದು ರೀಡೆವಲಪ್‌ಮೆಂಟ್. ಅಭಿವೃದ್ಧಿ ನಿಯಮಾವಳಿಯ 33(7) ಪ್ರಕಾರ ಸೆಸ್ ಕಟ್ಟಡ ಕೆಡವಿ ಕಟ್ಟೋರಿಗೆ ಜಾಸ್ತಿ ಎಫ್‌ಎಸ್‌ಐ, ಹಳೇ ಬಾಡಿಗೆದಾರನಿಗೆ ಕನಿಷ್ಠ 300 ಚದರ ಅಡಿಯ ಮನೆ ಮಾಲೀಕತ್ವದ ಮೇಲೆ ಪುಕ್ಕಟೆ, ಬಿಲ್ಡರ್ ಉಳಿದ ಫ್ಲಾಟ್ ಮಾರಿ ದುಡ್ಡು ಮಾಡ್ಕೋತಾನೆ, ಮಾಲೀಕನಿಗೂ ಪಾಲು. ಟೇಬಲ್ ಸುತ್ತ ಕೂತ ಎಲ್ಲಾರಿಗೂ ಗೆಲುವು, ಅದಕ್ಕೇ ರಾಜಕೀಯವಾಗಿ ಇದು ಓಡುತ್ತೆ. ಆದ್ರೆ ಫ್ಲಾಟ್ ಒಳ್ಳೆ ಬೆಲೆಗೆ ಮಾರೋ ಜಾಗ, ದೊಡ್ಡ ಪ್ಲಾಟ್ ಇದ್ರೆ ಮಾತ್ರ ಓಡುತ್ತೆ, ಇಕ್ಕಟ್ಟಿನ ಗಲ್ಲಿಯ ಸಣ್ಣ ಚಾಳಿನ ಕಡೆ ಯಾವ ಬಿಲ್ಡರೂ ತಿರುಗಿ ನೋಡಲ್ಲ, ಮಾರ್ಕೆಟ್ ಬಿದ್ರೆ ಅರ್ಧಕ್ಕೆ ನಿಲ್ಲುತ್ತೆ, ಬಾಡಿಗೆದಾರ ಹೊರಗೇ ಉಳೀತಾನೆ. ನೀರು, ಚರಂಡಿ, ರಸ್ತೆ ಮೇಲೆ ಬೀಳೋ ಹೊರೆ ಊರಿಗೆ.

ಟೇಬಲ್ ಹತ್ರ ಕುರ್ಚಿನೇ ಇಲ್ಲದೋರು ಯಾರು? ಆ ಎಂಟು ಹುಡುಗ್ರು. ಖೋಲಿ ಕೆಡವಿದ ದಿನ ಅಜ್ಜನ ಕುಟುಂಬಕ್ಕೆ 300 ಚದರ ಅಡಿ ಬರುತ್ತೆ, ಹುಡುಗ್ರಿಗೆ ಒಂದು ವಾರದ ನೋಟಿಸ್ ಸಿಕ್ರೆ ಹೆಚ್ಚು. ಸಮೀಕ್ಷೆಯಲ್ಲಿ ಅವರ ಹೆಸರಿಲ್ಲ, ಎಷ್ಟೋ ಜನರ ವೋಟರ್ ಕಾರ್ಡ್ ಊರಿನದ್ದು, ಬಾಡಿಗೆದಾರರ ಸಂಘಕ್ಕೆ ಅವರು ಸದಸ್ಯರಲ್ಲ. ಖೋಲಿಯ ನಿಜವಾದ ಬೆಲೆಯನ್ನ ಪ್ರತಿ ತಿಂಗಳು ಕಟ್ತಾ ಬಂದೋರು ಅವರೇ. ಪಾಲುದಾರರ ಪಟ್ಟಿ ಮಾಡೋವಾಗ ಮೀಟಿಂಗಿಗೆ ಬಂದೋರ ಹೆಸರು ಬರ್ಕೊಳ್ಳೋದು ಸುಲಭ, ಬರೋಕೆ ಆಗದೇ ಇದ್ದೋರನ್ನ ಹುಡುಕಿ ಬರ್ಕೊಳ್ಳೋದನ್ನ ನಾನು ಈ ವಿದ್ಯೆಯ ಮುಖ್ಯ ಕೆಲಸ ಅಂತ ತಿಳ್ಕೊಂಡಿದೀನಿ.

ನನ್ನ ಶಿಫಾರಸು

ಬಿಲ್ಡರ್ ಬರದೇ ಇರೋ ಸಣ್ಣ ಕಟ್ಟಡಗಳಿಗೆ ಮಾತ್ರ ನಾನು ಹೇಳ್ತಿರೋದು. ಬಾಡಿಗೆದಾರರನ್ನ ಎರಡು ಭಾಗ ಮಾಡಿ. ಅಂಗಡಿ ಆಫೀಸು ನಡೆಸೋರು, ಮುಂಬೈ ಮಹಾನಗರ ಪ್ರದೇಶದಲ್ಲಿ ಇನ್ನೊಂದು ಮನೆ ಇರೋರು ಒಂದು ಕಡೆ, ಬೇರೆ ಆಸರೆ ಇಲ್ಲದೋರು ಇನ್ನೊಂದು ಕಡೆ. ಮೊದಲನೇ ಗುಂಪಿಗೆ ಐದಾರು ವರ್ಷದಲ್ಲಿ ಹಂತ ಹಂತವಾಗಿ ಬಾಡಿಗೆ ಏರಲಿ, ಎರಡನೇಯವರ ಕೈಯಿಂದ ಹೋಗೋದು ಹಳೇ ಬಾಡಿಗೆನೇ ಇರಲಿ, ವ್ಯತ್ಯಾಸ ಸರ್ಕಾರ ಕೊಡಲಿ. ಬಡವನಿಗೆ ಸಹಾಯ ಮಾಡೋದು ಸಮಾಜದ ಹೊಣೆ ಅಂತ ಒಪ್ಪಿದ ಮೇಲೆ ಅದರ ಬಿಲ್ಲು ಒಬ್ಬ ಮಾಲೀಕನಿಗೆ ಕಳಿಸೋದು ಸರಿಯಲ್ಲ.

ಎಷ್ಟು ಏರಿಕೆ? 40 ಖೋಲಿಗೆ 1,500ರ ಹಾಗೆ ಮಾಡಿದ್ರೆ ವರ್ಷಕ್ಕೆ 7.2 ಲಕ್ಷ, ಅರ್ಧ ರಿಪೇರಿ ಖಾತೆಗೆ ಹೋದ್ರೆ 40 ಲಕ್ಷ ತೀರೋಕೆ ಬಡ್ಡಿ ಬಿಟ್ಟೇ 11 ವರ್ಷ, ಮಳೆಗಾಲ ಅಷ್ಟು ಕಾಯಲ್ಲ. 3,000 ಮಾಡಿದ್ರೆ ಐದೂವರೆ ವರ್ಷ. ಅದರಲ್ಲಿ 15 ಖೋಲಿ ರಕ್ಷಣೆಯವು ಅಂದ್ರೆ ಸರ್ಕಾರಕ್ಕೆ ಆ ಚಾಳಿಗೆ ವರ್ಷಕ್ಕೆ 5.13 ಲಕ್ಷ ಬೀಳುತ್ತೆ. ಸಣ್ಣ ಮೊತ್ತ ಅಲ್ಲ, ಆದ್ರೆ ಬಜೆಟಲ್ಲಿ ಕಾಣೋ ಮೊತ್ತ, ಸದನದಲ್ಲಿ ಪ್ರಶ್ನೆ ಕೇಳೋಕೆ ಆಗೋ ಮೊತ್ತ. ಈಗಿನ ಖರ್ಚು ಯಾವ ಬಜೆಟಲ್ಲೂ ಇಲ್ಲ.

ಅನುಕ್ರಮ ತಪ್ಪಿದ್ರೆ ಇದೆಲ್ಲಾ ಮೂಲೆಗೆ. ಮೊದಲು ಟೇಕು ತೆಗೀಬೇಕು, ಆಮೇಲೆ ಬಾಡಿಗೆ ಏರಿಸ್ಬೇಕು. ರಿಪೇರಿ ಮಂಡಳಿ ಮುಂಗಡ ಸಾಲ ಕೊಟ್ಟು ತೊಲೆ ಬದಲಾಯಿಸಿ, ಪಾಯಿಖಾನೆ ಸರಿಮಾಡಿ, ಜನ ಕಣ್ಣಾರೆ ನೋಡಿದ ಮೇಲೆ ಹೊಸ ರಸೀದಿ ಬರಬೇಕು, ಖಾತೆ ಆ ಕಟ್ಟಡದ ಹೆಸರಲ್ಲೇ ಇರಬೇಕು, ಮಾಲೀಕ ಒಬ್ಬನೇ ಸಹಿ ಮಾಡಿ ದುಡ್ಡು ತೆಗೆಯೋ ಹಾಗಿರಬಾರದು. ದುಡ್ಡು ಮೊದಲು ಕೆಲಸ ಆಮೇಲೆ ಅನ್ನೋ ಮಾತನ್ನ ಈ ಚಾಳುಗಳಲ್ಲಿ ಯಾರೂ ನಂಬಲ್ಲ, ನಂಬೋಕೆ ಕಾರಣನೂ ಇಲ್ಲ.

ಪಗಡಿಗೆ ಪೂರ್ತಿ ಬೆಲೆ ಕೊಟ್ಟ ಹೋಟೆಲಿನವರ ವಿಷಯ ನಂಗೆ ಇನ್ನೂ ಗಂಟಲಲ್ಲಿ ಸಿಕ್ಕಿದೆ. ಬ್ಯಾಂಕ್ ಮೂಲಕ ಪಗಡಿ ಕಟ್ಟಿದ ದಾಖಲೆ ಇದ್ರೆ ಏರಿಕೆಯನ್ನ ಇನ್ನೂ ಉದ್ದಕ್ಕೆ ಹಂಚಬಹುದು, ನಗದು ಕೊಟ್ಟೋರಿಗೆ ದಾಖಲೆ ಎಲ್ಲಿಂದ ಬರಬೇಕು? ಅವರಲ್ಲಿ ಕೆಲವರಿಗೆ ಅನ್ಯಾಯ ಆಗೇ ಆಗುತ್ತೆ, ಶಿಫಾರಸಿನ ಪುಟದಲ್ಲೇ ಅದನ್ನ ಬರೀಬೇಕು, ಅಡಿಟಿಪ್ಪಣಿಗೆ ತಳ್ಳಬಾರದು.

ಆಮೇಲೆ ಸಮೀಕ್ಷೆ. ಪ್ರತಿ ಖೋಲೀಲೂ ರಸೀದಿ ಯಾರ ಹೆಸರಲ್ಲಿದೆ ಅನ್ನೋದರ ಪಕ್ಕ ಇನ್ನೊಂದು ಕಾಲಂ ಬೇಕು, ರಾತ್ರಿ ಇಲ್ಲಿ ಯಾರು ಮಲಗ್ತಾರೆ, ಎಷ್ಟು ಕೊಡ್ತಾರೆ. ಹಗಲು ಹೋಗಿ ಕೇಳಿದ್ರೆ ಉತ್ತರ ಸಿಗಲ್ಲ, ಹೋಟೆಲ್ ಶಟರ್ ಬಿದ್ದ ಮೇಲೆ, ರಾತ್ರಿ ಹನ್ನೊಂದೂವರೆ ಹನ್ನೆರಡಕ್ಕೆ ಹೋಗ್ಬೇಕು, ಕನ್ನಡ ತುಳು ಬರೋ ಒಬ್ಬರನ್ನ ಜೊತೆಗೆ ಕರ್ಕೊಂಡು. ಆ ಕಾಲಂ ತುಂಬಿದ ಮೇಲೆ ರಿಪೇರಿ ಆದ ಚಾಳುಗಳಲ್ಲಿ ತಲೆ ಲೆಕ್ಕದ ಹಾಸ್ಟೆಲ್ ಖೋಲಿ ಎಷ್ಟು ಇಡಬೇಕು, ಬಾಡಿಗೆ ಎಷ್ಟು ಇರಬೇಕು ಅನ್ನೋ ಚರ್ಚೆನ ಅಂದಾಜಿನ ಮೇಲಲ್ಲ, ಅಂಕಿ ಮೇಲೆ ಶುರು ಮಾಡಬಹುದು.